ಸೈಡಿಂಗಿನ ದ್ವೀಪಗಳು

ಸಂಡೂರಿನ ದಾರಿಯಲ್ಲಿ, ಗೂಡ್ಸ್ ರೈಲಿಗೆ ಅದಿರು ತುಂಬುವ ಸೈಡಿಂಗ್ ಪಕ್ಕ, ಹುಲಿಗೆಮ್ಮನ ಚಹಾ ಅಂಗಡಿಯಲ್ಲಿ ಕುಳಿತಿದ್ದೆ. ಅದಿರು ಸುರಿಯುವ ಕೊಳವೆ ನಿಂತಲ್ಲೇ ಇತ್ತು. ಅದರಡಿ ರೈಲು ತೆವಳಿದಂತೆ ಡಬ್ಬಿಗೊಂದು ಕೆಂಪು ಗುಡ್ಡ ಏಳುತ್ತಿತ್ತು.

ನನಗೋ ಕಂಡವರಿಗೆಲ್ಲ ಪಾಠ ಹೇಳುವ ಚಟ. "ಸಮುದ್ರದಲ್ಲಿ ಜ್ವಾಲಾಮುಖಿ ದ್ವೀಪಗಳ ಸಾಲು ಹುಟ್ಟೋದೂ ಹೀಗೇ. ತಳದ ಬೆಂಕಿ ಅಲ್ಲೇ ಇರುತ್ತೆ, ಮೇಲಿನ ನೆಲ ಸರೀತಾ ಹೋಗುತ್ತೆ. ಹುಟ್ಟಿದ ದ್ವೀಪವೂ ಅದರ ಜೊತೆ ಹೋಗುತ್ತೆ" ಎಂದೆ.

ಹುಲಿಗೆಮ್ಮ ಸ್ಟವ್ ಸಣ್ಣ ಮಾಡಿದರು. "ಮೊದಲ ಹುಟ್ಟಿದ್ದು ಭಾಳ ದೂರ ಹೋಗಿರತೈತೇನ್ರಿ?"

"ಹೌದು."

ಅವರು ಸೆರಗಿಗೆ ಕೈ ಒರೆಸಿ, ಸೊಲ್ಲಾಪುರಕ್ಕೆ ಕೊಟ್ಟ ಹಿರಿಮಗಳಿಗೆ ಫೋನ್ ಹಚ್ಚಿದರು. "ಏನಿಲ್ಲವ್ವಾ, ಉಂಡ್ಯೋ ಇಲ್ಲೋ ಕೇಳಾಕ ಮಾಡ್ದೆ."

ದೂರ ಹೋದ ದ್ವೀಪ ತಣ್ಣಗಾಗಿ ಮುಳುಗುತ್ತದೆ ಎಂಬ ಮಾತನ್ನು ನಾನು ಚಹಾದ ಜೊತೆ ನುಂಗಿದೆ.