ಕಳಚಿಟ್ಟ ಶಾಫ್ಟಿನ ಸದ್ದು

ಗಾಡಿ ವಿಷಯದಲ್ಲಿ ದೆವ್ವ, ಮಾಟ, ದೃಷ್ಟಿ ಅಂತ ಯಾರಾದರೂ ಬಾಯಿ ತೆರೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಕೊಳ್ಳೇಗಾಲದಲ್ಲಿ ಹಳೇ ಜೀಪುಗಳ ರಿಪೇರಿ ಮಾಡಿಕೊಂಡು ಬದುಕುವವನು; ಹುಟ್ಟೂರು ಯಳಂದೂರಿನ ಪಕ್ಕದ ಮಾಂಬಳ್ಳಿ. ಒಮ್ಮೆ ಸತ್ತೇಗಾಲದ ಕಡೆಯವರೊಬ್ಬರು ತಮ್ಮ ಜೀಪು ದಿನಾ ಒಂದೇ ಹುಣಸೇಮರದ ಕೆಳಗೆ ನಿಂತುಬಿಡುತ್ತದೆ ಅಂತ ಮುಂದುಗಡೆ ನಿಂಬೆಹಣ್ಣು ಕಟ್ಟಿಸಿಕೊಂಡು ಬಂದಿದ್ದರು. ನೋಡಿದರೆ ಡೀಸೆಲ್ ಪೈಪಿಗೆ ಗಾಳಿ ಸೇರುತ್ತಿತ್ತು, ಆ ಮರದ ಹತ್ತಿರ ಏರು ಶುರುವಾಗುತ್ತಿತ್ತು, ಅಷ್ಟೇ. ಪೈಪು ಬದಲಾಯಿಸಿ, ನಿಂಬೆಹಣ್ಣು ಬಿಚ್ಚಿ ಅವರ ಕೈಗೇ ಕೊಟ್ಟು, ಮನೆಗೆ ಹೋಗಿ ಪಾನಕ ಮಾಡಿಕೊಂಡು ಕುಡಿಯಿರಿ ಅಂದಿದ್ದೆ. ಕಬ್ಬಿಣಕ್ಕೆ ಸುಳ್ಳು ಹೇಳಲು ಬರುವುದಿಲ್ಲ, ಸುಳ್ಳು ಹೇಳುವುದು ಡ್ರೈವರು ಮಾತ್ರ ಅಂತ ನನ್ನ ನಂಬಿಕೆ.

ಇಂಥವನು ಈಗ ಇದನ್ನು ಹೇಳಲು ಕೂತಿದ್ದೇನೆ. ನಂಬಿ ಅಂತ ನಿಮ್ಮನ್ನು ಕೇಳುವುದಿಲ್ಲ. ಬೇರೆ ಯಾರಾದರೂ ಬಂದು ನನ್ನ ಮುಂದೆ ಹೇಳಿದ್ದರೆ ನಾನೇ ನಕ್ಕು ಕಳಿಸುತ್ತಿದ್ದೆ.

ಹನೂರು ದಾಟಿ ಮಾರ್ಟಳ್ಳಿ ಕಡೆ ಹೋಗುವ ರಸ್ತೆಯಿಂದ ಒಳಕ್ಕೆ ಹೊರಳಿದರೆ ಒಂದು ಸಣ್ಣ ದೊಡ್ಡಿ ಇದೆ; ಕಾಡಂಚಿನ ಪುಟ್ಟ ಊರಿಗೆ ಆ ಕಡೆ ಹಾಗನ್ನುತ್ತಾರೆ. ಟಾರು ರಸ್ತೆಗೂ ಊರಿಗೂ ನಡುವೆ ಒಂದು ಹಳ್ಳ, ಹಳ್ಳಕ್ಕೆ ಸೇತುವೆ ಇಲ್ಲ. ಬೇಸಿಗೆಯಲ್ಲಿ ಬೈಕೂ ದಾಟುತ್ತದೆ. ಕಾಡಿನಲ್ಲಿ ಮಳೆ ಬಿದ್ದರೆ ದಾಟುವುದು ಆ ಊರಿನ ಮಾದೇವನ ಫೋರ್‌ವೀಲ್ ಜೀಪು ಒಂದೇ. ರಾಗಿ ಮೂಟೆ, ಮೇಕೆ, ಬಸುರಿ, ಬಾಣಂತಿ ಎಲ್ಲ ಅದರಲ್ಲೇ. ಆ ಜೀಪಿಗೆ ಹೆಚ್ಚು ಕಡಿಮೆ ಮಾದೇವನದೇ ವಯಸ್ಸು. ರಿಪೇರಿಗೆ ಬರುವಾಗ ಕೆಲವು ಸಲ ಅವನ ಹೆಂಡತಿ ಚಿಕ್ಕತಾಯಮ್ಮನೂ ಜೊತೆಗೆ ಬರುತ್ತಿದ್ದಳು. ಅವರ ಮಗಳು ಪವಿತ್ರ ಕೊಳ್ಳೇಗಾಲದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು, ಅವಳನ್ನು ನೋಡುವ ಆಸೆ. ನನಗೂ ಒಂದು ಚೀಲ ಅವರೇಕಾಯಿ ತಂದು ಕೊಟ್ಟು, ತನಗಿಂತ ಮುಂಚೆ ಗಂಡ ಈ ಜೀಪನ್ನೇ ಮದುವೆಯಾಗಿಬಿಟ್ಟಿದ್ದ ಅಂತ ದೂರು ಹೇಳಿ ತಾನೇ ನಗುತ್ತಿದ್ದಳು.

ಆ ಸಲ ಮಾದೇವ ಒಬ್ಬನೇ ಬಂದಿದ್ದ. ಹೊಲದಲ್ಲಿ ಕಳೆ ಇದೆ ಅಂತ ಹೆಂಡತಿ ಉಳಿದುಕೊಂಡಿದ್ದಳು. ಜೀಪು ಓಡುವಾಗ ಕೆಳಗಿನಿಂದ ಗೊಂಯ್ ಅಂತ ಒಂದು ಸದ್ದು, ನಡುನಡುವೆ ಟಕ್ ಟಕ್ ಅಂತ ಬಡಿತ. ಇಂಥ ಸದ್ದಿನ ಹುಟ್ಟು ಹುಡುಕುವುದು ಹೊಟ್ಟೆನೋವಿನ ಕಾರಣ ಹುಡುಕಿದಂತೆ. ಎಲ್ಲಿಂದ ಬೇಕಾದರೂ ಬರಬಹುದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಬ್ಬಿಣಕ್ಕೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುವುದು ನಮ್ಮ ಕಸುಬಿನ ರೂಢಿ. ಗೇರ್‌ಬಾಕ್ಸಿಗೆ ಕಿವಿ ಕೊಟ್ಟೆ, ಹಿಂದಿನ ಚಕ್ರಗಳ ನಡುವಿನ ಹೌಸಿಂಗಿಗೆ ಕೊಟ್ಟೆ. ಆಯಿಲ್ ಇಳಿಸಿ ಬೆರಳಲ್ಲಿ ಉಜ್ಜಿ ನೋಡಿದೆ, ಕಬ್ಬಿಣದ ಪುಡಿ ಇರಲಿಲ್ಲ. ಸದ್ದು ಮಾತ್ರ ಒಂದು ಕಡೆ ಅಂತ ನಿಲ್ಲಲಿಲ್ಲ.

ಕೊನೆಗೆ ಮುಂದಿನ ಶಾಫ್ಟು ಕಳಚಿದೆ. ಫೋರ್‌ವೀಲ್ ಲಿವರ್ ಹಾಕಿದಾಗ ಇಂಜಿನ್ನಿನ ಬಲವನ್ನು ಮುಂದಿನ ಚಕ್ರಗಳಿಗೆ ಒಯ್ಯುವುದು ಆ ಒಂದು ಶಾಫ್ಟೇ. ಅದಿಲ್ಲದೆಯೂ ಗಾಡಿ ಹಿಂದಿನ ಚಕ್ರಗಳ ಮೇಲೆ ಓಡುತ್ತದೆ. ಆಗ ಸದ್ದು ನಿಂತರೆ ದೋಷ ಮುಂದಿದೆ, ನಿಲ್ಲದಿದ್ದರೆ ಹಿಂದಿದೆ. ಮಾದೇವನೂ ಅಡಿಗೆ ಮಲಗಿ ಕೈಜೋಡಿಸಿದ. ಇಬ್ಬರೂ ಸೇರಿ ಶಾಫ್ಟನ್ನು ಹೊತ್ತು ಶೆಡ್ಡಿನ ಗೋಡೆಗೆ ಒರಗಿಸಿದೆವು. ಜೀಪಿನಡಿಯಲ್ಲಿ ಶಾಫ್ಟು ಕೂರುವ ಜಾಗಕ್ಕೆ ಧೂಳು ಹೋಗದಿರಲಿ ಅಂತ ಆ ಜಾಗದ ಎರಡು ತುದಿಗೂ ನನ್ನ ಹಳೇ ಬನಿಯನ್ನಿನ ಬಟ್ಟೆ ಸುತ್ತಿ, ಬೈಂಡಿಂಗ್ ವೈರಿನಿಂದ ಬಿಗಿದೆ. ಈ ಮಾತು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ಗಾಡಿ ಕಾದ ಮೇಲೆಯೇ ಸದ್ದು ಬರುತ್ತಿದ್ದುದರಿಂದ ಹನೂರಿನ ತನಕ ಓಡಿಸಿ ನೋಡೋಣ ಅಂತ ಹೊರಟೆವು. ದಾರಿಯುದ್ದಕ್ಕೂ ಆ ಸದ್ದು ಒಂದು ಸಲವೂ ಬರಲಿಲ್ಲ. ಶಾಫ್ಟಿನ ತುದಿಯ ಕೀಲು, ನಾವು ಕ್ರಾಸ್ ಅನ್ನುವುದು, ಸವೆದಿದೆ, ಬೇರೇನಿಲ್ಲ ಅಂತ ಮಾದೇವನಿಗೆ ಹೇಳಿದೆ. ಒಳಗೊಳಗೆ ಬೀಗಿದೆ ಅಂತಲೇ ಇಟ್ಟುಕೊಳ್ಳಿ. ಹನೂರಿನಲ್ಲಿ ಟೀ ಕುಡಿಯುತ್ತಿದ್ದಾಗ ಅವನ ಫೋನು ಬಡಿದುಕೊಂಡಿತು.

ಚಿಕ್ಕತಾಯಮ್ಮನಿಗೆ ಹೊಲದಲ್ಲಿ ಮಂಡಲದ ಹಾವು ಕಚ್ಚಿತ್ತು. ಕಚ್ಚಿ ಆಗಲೇ ಸುಮಾರು ಹೊತ್ತಾಗಿತ್ತು. ಅಲ್ಲಿ ಫೋನು ಸಿಗುವುದೇ ಕಷ್ಟ. ಆಂಬುಲೆನ್ಸ್ ಟಾರು ರಸ್ತೆಯ ತನಕ ಬರುತ್ತದೆ, ಹಳ್ಳ ದಾಟಿಸಿಕೊಡಬೇಕು ಅಂದರಂತೆ. ಹಳ್ಳದಲ್ಲಿ ಬೆಳಿಗ್ಗೆಯಿಂದ ನೀರು ಹರಿಯುತ್ತಿತ್ತು. ಹಳ್ಳ ದಾಟುವ ಒಂದೇ ಗಾಡಿ ನಮ್ಮ ಕೈಯಲ್ಲಿತ್ತು, ಅದರ ಶಾಫ್ಟು ಕೊಳ್ಳೇಗಾಲದಲ್ಲಿತ್ತು. ತರಲು ವಾಪಸು ಹೋಗುವುದು ಅಂದರೆ ಅವಳನ್ನು ಬಿಟ್ಟುಕೊಟ್ಟ ಹಾಗೆಯೇ. ಮಾದೇವ ಗಾಡಿ ಹತ್ತಿದ. ನಾನೂ ಹತ್ತಿದೆ.

ಹೋಗುವಾಗ ಹಳ್ಳದಲ್ಲಿ ಮೊಣಕಾಲುದ್ದ ನೀರು. ಎರಡು ಚಕ್ರದಲ್ಲೇ ಹೇಗೋ ದಾಟಿದೆವು. ಊರೊಳಗಿಂದ ಅವಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಕಾಲು ಊದಿಕೊಂಡಿತ್ತು, ವಸಡಿನಿಂದ ರಕ್ತ ಜಿನುಗುತ್ತಿತ್ತು, ಆದರೂ ಪ್ರಜ್ಞೆ ಇತ್ತು. ನನ್ನನ್ನು ನೋಡಿ, ಅಣ್ಣ ನೀವ್ಯಾಕೆ ಬರಕ್ಕೋದ್ರಿ ಅಂತ ಸಂಕೋಚಪಟ್ಟಳು. ಪಕ್ಕದ ಮನೆಯ ಹೆಂಗಸೊಬ್ಬಳು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ವಾಪಸು ಬರುವಷ್ಟರಲ್ಲಿ ನೀರು ಏರಿತ್ತು. ಮೇಲೆ ಕಾಡಿನಲ್ಲಿ ಎಲ್ಲೋ ಮಳೆ ಬಿದ್ದಿರಬೇಕು. ಕೆಂಪು ನೀರು, ಒಳ್ಳೇ ರಭಸ. ಆಚೆ ದಡದಲ್ಲಿ ಆಂಬುಲೆನ್ಸಿನವರು ನಿಂತು ಕೈಬೀಸುತ್ತಿದ್ದದ್ದು ಕಾಣುತ್ತಿತ್ತು. ನಡುಹಳ್ಳಕ್ಕೆ ಬಂದಾಗ ಹಿಂದಿನ ಚಕ್ರಗಳು ಮರಳಿನಲ್ಲಿ ಹೂತವು. ಮಾದೇವ ಒತ್ತಿದಷ್ಟೂ ಹಿಂಭಾಗ ಕೆಳಕ್ಕೇ ಇಳಿಯುತ್ತಿತ್ತು. ನಾನು ಇಳಿದು ಮುಂದಿನ ಎಡ ಚಕ್ರದ ಪಕ್ಕ, ಮಡ್‌ಗಾರ್ಡು ಹಿಡಿದು ನಿಂತೆ. ನೀರು ತೊಡೆಗೆ ಬಡಿಯುತ್ತಿತ್ತು. ಏನು ಮಾಡಬೇಕೋ ತಿಳಿಯಲಿಲ್ಲ. ನನ್ನ ಇಷ್ಟು ವರ್ಷದ ಕಸುಬು ಆಗ ನನಗೆ ಹೇಳಿದ್ದು ಒಂದೇ, ಇದು ಇಲ್ಲಿಂದ ಏಳುವುದಿಲ್ಲ ಅಂತ.

ಮಾದೇವ ಅಭ್ಯಾಸಬಲದಿಂದ ಫೋರ್‌ವೀಲ್ ಲಿವರಿಗೆ ಕೈಹಾಕಿದ.

“ಮಾದೇವ, ಶಾಫ್ಟ್ ಇಲ್ಲ ಕಣ್ಲಾ,” ಅಂದೆ.

“ಗೊತ್ತು ಕಣಣ್ಣ,” ಅಂದ. “ಇನ್ನೇನ್ ಮಾಡ್ಲಿ, ನೀನೇ ಒಂದ್ ದಾರಿ ಏಳು.”

ಅವನು ಲಿವರ್ ಹಾಕಿದ, ಕ್ಲಚ್ ಬಿಟ್ಟ.

ಮೊದಲು ಕೇಳಿಸಿದ್ದು ಸದ್ದು. ಅದೇ ಗೊಂಯ್, ನಡುವೆ ಅದೇ ಟಕ್ ಟಕ್. ಬೆಳಿಗ್ಗೆಯಿಡೀ ಕಿವಿ ಕೊಟ್ಟು ಹುಡುಕಿದ ಸದ್ದು, ನಾನು ಕೈಯಾರೆ ಕಳಚಿ ಗೋಡೆಗೆ ಒರಗಿಸಿದ ಶಾಫ್ಟಿನ ಸದ್ದು. ಆಮೇಲೆ ನನ್ನ ಕೈಕೆಳಗಿನ ಚಕ್ರ ತಿರುಗಿತು. ಗಾಡಿ ಇನ್ನೂ ಕದಲಿರಲಿಲ್ಲ, ಚಕ್ರ ನಿಂತಲ್ಲೇ ಗಿರ್ರನೆ ತಿರುಗಿ, ನೀರಿನಡಿಯ ಕಲ್ಲು ಕಿತ್ತು ನನ್ನ ಮೊಣಕಾಲಿನ ಕೆಳಗೆ ಬಡಿಯಿತು. ಇನ್ನೊಂದು ಗಳಿಗೆಗೆ ಚಕ್ರಕ್ಕೆ ನೆಲದ ಹಿಡಿತ ಸಿಕ್ಕಿತು. ಮೂತಿ ಎತ್ತಿಕೊಂಡು ಜೀಪು ಎದ್ದು ಬಂತು. ನಾನು ಮಡ್‌ಗಾರ್ಡಿಗೆ ಜೋತುಬಿದ್ದು ಅದರ ಜೊತೆಯಲ್ಲೇ ದಡ ಸೇರಿದೆ.

ಅವಳನ್ನು ಆಂಬುಲೆನ್ಸಿಗೆ ಎತ್ತಿ ಹಾಕಿದರು, ಮಾದೇವನೂ ಜೊತೆಗೆ ಹೋದ. ನಾನು ಜೀಪಿನೊಂದಿಗೆ ಉಳಿದೆ. ಕೆಸರಿನಲ್ಲೇ ಮಲಗಿ ಅಡಿಗೆ ನುಸುಳಿ ನೋಡಿದೆ. ಶಾಫ್ಟಿನ ಜಾಗ ಖಾಲಿ. ಎರಡು ತುದಿಯಲ್ಲೂ ನನ್ನ ಬನಿಯನ್ನಿನ ಬಟ್ಟೆ ಒದ್ದೆಯಾಗಿ ಅಂಟಿಕೊಂಡಿತ್ತು, ನಾನು ಬಿಗಿದ ವೈರು ಬಿಗಿದ ಹಾಗೆಯೇ ಇತ್ತು. ನಡುವೆ ಕೈ ಆಡಿಸಿದೆ. ಬರೀ ಗಾಳಿ.

ನನಗೆ ನಾನೇ ವಕೀಲನ ಹಾಗೆ ಪ್ರಶ್ನೆ ಹಾಕಿಕೊಂಡಿದ್ದೇನೆ. ನೀರಿನ ರಭಸಕ್ಕೆ ಚಕ್ರ ತಿರುಗಿರಬಹುದೇ? ಜೀಪಿನ ಭಾರ ಹೊತ್ತು ಮರಳಲ್ಲಿ ಕೂತ ಚಕ್ರ ನೀರಿಗೆ ತಿರುಗುವುದಿಲ್ಲ. ಹಿಂದಿನ ಚಕ್ರಕ್ಕೆ ಬಂಡೆ ಸಿಕ್ಕಿತೇ? ಸಿಕ್ಕಿರಬಹುದು, ಆದರೆ ಅದರಿಂದ ಮುಂದಿನ ಚಕ್ರ ನಿಂತಲ್ಲೇ ಯಾಕೆ ತಿರುಗುತ್ತದೆ? ಗಾಬರಿಯಲ್ಲಿ ನನಗೆ ಹಾಗೆ ಕಂಡಿತೇ? ಅದನ್ನು ಒಪ್ಪಿಬಿಡೋಣ ಅನ್ನಿಸುತ್ತದೆ, ಆದರೆ ಕಲ್ಲು ಬಡಿದ ಕಲೆ ಮೊಣಕಾಲಿನ ಕೆಳಗೆ ಇನ್ನೂ ಇದೆ. ಊರಿನವರಿಗೆ ಇಷ್ಟು ತಲೆಬಿಸಿ ಇಲ್ಲ. ಬೆಟ್ಟದ ಸ್ವಾಮಿ ಎಳೆದ ಅಂತ ಅವರು ಕೈಮುಗಿದು ಮುಗಿಸಿದರು.

ಚಿಕ್ಕತಾಯಮ್ಮ ಉಳಿಯಲಿಲ್ಲ. ಡಾಕ್ಟರು ತಮ್ಮ ಕೈಲಾದದ್ದೆಲ್ಲ ಮಾಡಿದರು, ವಿಷ ಅಷ್ಟು ಹೊತ್ತಿಗೆ ಏರಿಬಿಟ್ಟಿತ್ತು. ಹಾಸ್ಟೆಲಿನಿಂದ ಪವಿತ್ರ ಆಸ್ಪತ್ರೆಗೆ ಓಡಿ ಬಂದಾಗ ತಾಯಿಗೆ ಇನ್ನೂ ಮಾತಿತ್ತಂತೆ. ಮೇಕೆಗಳನ್ನು ಹೊಲದಲ್ಲೇ ಬಿಟ್ಟು ಬಂದಿದ್ದೀನಿ, ಒಳಗೆ ಕಟ್ಟೋಕೆ ಯಾರಿಗಾದರೂ ಹೇಳು ಅಂದಳಂತೆ. ಕೊನೆಗೆ ಮಗಳ ಜಡೆ ಮುಟ್ಟಿ, ಎಣ್ಣೆ ಹಚ್ಚಿಲ್ವಾ ಅಂದಳಂತೆ. ಅಷ್ಟೇ.

ಮಾದೇವ ತಿಥಿ ಕಳೆದ ಮೇಲೆ ನನ್ನ ಶೆಡ್ಡಿಗೆ ಬಂದ. ಅಷ್ಟರಲ್ಲಿ ನಾನು ಜೀಪನ್ನು ಶೆಡ್ಡಿಗೆ ತಂದು, ಶಾಫ್ಟಿನ ತುದಿ ಬಿಚ್ಚಿ ನೋಡಿದ್ದೆ. ಹೇಳಿದ ಹಾಗೆ ಕ್ರಾಸ್ ಸವೆದಿತ್ತು, ಹೊಸದು ತರಿಸಿಟ್ಟಿದ್ದೆ. ದೋಷ ನಾನು ಗುರುತಿಸಿದ್ದು ಸರಿಯಾಗಿಯೇ ಇತ್ತು. ಅದರಿಂದ ಯಾರಿಗೆ ಏನು ಬಂತು? ಜೀಪಿಗೆ ಶಾಫ್ಟು ಹಾಕಿಕೊಡುತ್ತೇನೆ ಅಂದೆ. ಅವನು ಬೇಡ ಅನ್ನಲಿಲ್ಲ, ಆಯಿತು ಅಂತಲೂ ಅನ್ನಲಿಲ್ಲ. ಗೋಡೆಗೆ ಒರಗಿದ್ದ ಶಾಫ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಅದರ ಮೇಲೆ ಕೈ ಆಡಿಸಿದ.

“ಅಣ್ಣ, ಗಾಡಿ ಯಾಕ್ ನಿಂತ್ಕತು, ಯಾಕ್ ಎದ್ ಬಂತು ಅಂತ ನೀನು ಎಲ್ಲಾರ್ಗೂ ಏಳ್ತೀಯ. ನಂಗೊಂದ್ ಏಳು. ಅವಳ್ನ ಉಳ್ಸೋ ಅಂಗಿಲ್ದಿದ್ರೆ, ಅಳ್ಳದಿಂದ ಎಳ್ದಿದ್ಯಾಕೆ?”

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಮಗಳ ಜಡೆ ಮುಟ್ಟಲಿ ಅಂತ ಇರಬೇಕು ಕಣಪ್ಪ ಅನ್ನುವ ಮಾತು ನನ್ನ ಬಾಯಿಯ ತನಕ ಬಂತು. ಆದರೆ ಅದು ನನಗೆ ಗೊತ್ತಿರುವ ಮಾತಲ್ಲ. ಗೊತ್ತಿಲ್ಲದ ಸದ್ದಿಗೆ ಕಾರಣ ಹೇಳಿ ಗಿರಾಕಿಯನ್ನು ಕಳಿಸುವ ಅಭ್ಯಾಸ ನನಗೆ ಯಾವತ್ತೂ ಇರಲಿಲ್ಲ. ಗೊತ್ತಿಲ್ಲ ಮಾದೇವ ಅಂದೆ. ಅವನು ತಲೆಯಾಡಿಸಿ ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದ.

ಜೀಪು ಇನ್ನೂ ನನ್ನ ಶೆಡ್ಡಿನಲ್ಲೇ ಇದೆ, ಶಾಫ್ಟು ಅದೇ ಗೋಡೆಗೆ ಒರಗಿದೆ. ಕೆಲಸ ಮುಗಿದ ಮೇಲೆ ಎಷ್ಟೋ ಸಲ, ಹುಚ್ಚು ಅಂತ ಬೇಕಾದರೆ ಅನ್ನಿ, ಅದಕ್ಕೆ ಸ್ಕ್ರೂಡ್ರೈವರ್ ಊರಿ ಕಿವಿ ಕೊಟ್ಟಿದ್ದೇನೆ. ಏನೂ ಕೇಳಿಸುವುದಿಲ್ಲ. ಅವನು ಮತ್ತೆ ಬಂದು ಅದೇ ಮಾತು ಕೇಳಿದರೆ ಏನು ಹೇಳಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.