ಸಾಕಮ್ಮನ ಕೊಟ್ಟಿಗೆ ತುಂಬ ನನ್ನ ಉಡುಗೊರೆ

ದೀಪಾವಳಿಗೆ ಎರಡು ವಾರ ಇರುವಾಗ, ಒಂದು ಭಾನುವಾರ, ನನ್ನದೇ ಕುರ್ಚಿಯ ಮೇಲೆ ಕೂತು ಕಾಫಿ ಕುಡಿದೆ. ಕುರ್ಚಿ ನನ್ನದು. ಮನೆ ಮಾತ್ರ ನನ್ನದಲ್ಲ.

ಮನೆ ಸಾಕಮ್ಮನದು. ಹದಿನಾಲ್ಕು ವರ್ಷದಿಂದ ಪಾಂಡವಪುರದ ನಮ್ಮ ಮನೆಗೆ ಕೆಲಸಕ್ಕೆ ಬರುವವಳು. ತೊಣ್ಣೂರಿನ ರಸ್ತೆಯಿಂದ ಸ್ವಲ್ಪ ಒಳಗೆ ಅವಳ ಊರು. ಬೆಳಿಗ್ಗೆ ಏಳಕ್ಕೆ ಬಂದು ಪಾತ್ರೆ, ಕಸ, ಬಟ್ಟೆ ಮುಗಿಸುತ್ತಾಳೆ. ನಾನು ಸ್ಕೂಲಿಗೆ ಹೊರಡುವ ಹೊತ್ತಿಗೆ ಅವಳೂ ಹೊರಡುತ್ತಾಳೆ. ಹಾಗೆ ಹೊರಟಾಗ ಎಷ್ಟೋ ದಿನ ಅವಳ ಕೈಯಲ್ಲಿ ನಮ್ಮ ಮನೆಯ ಒಂದು ವಸ್ತು ಇರುತ್ತಿತ್ತು. ನಾನೇ ಕೊಟ್ಟದ್ದು. ಪ್ರೀತಿಯಿಂದ ಕೊಟ್ಟದ್ದು.

ಈ ಅಂಕಣವನ್ನು ತಪ್ಪದೆ ಓದುವವರಿಗೆ (ನೀವು ಏಳೆಂಟು ಜನ ಇದ್ದೀರೆಂದು ನನಗೆ ಗೊತ್ತು) ನೆನಪಿರಬಹುದು. ಹೋದ ವರ್ಷದ ಹಬ್ಬಕ್ಕೆ ಇಲ್ಲೇ ಒಂದು ಉಪದೇಶ ಮಾಡಿದ್ದೆ. ಹಬ್ಬ ಬಂತೆಂದು ಹೊಸದನ್ನೇ ಕೊಂಡು ಕೊಡಬೇಕೆ? ಮನೆಯಲ್ಲಿ ಬಿದ್ದಿರುವುದನ್ನು ಬೇಕಾದವರಿಗೆ ಕೊಟ್ಟರೆ ಭೂಮಿಗೂ ಹಗುರ, ಮನಸ್ಸಿಗೂ ಹಗುರ ಅಲ್ಲವೆ? ಕೊನೆಗೆ ‘ನಮ್ಮ ಮನೆಯಿಂದ ಕಸ ಹೊರಗೆ ಹೋಗುವುದೇ ಇಲ್ಲ’ ಎಂದು ಎದೆಯುಬ್ಬಿಸಿ ಬರೆದಿದ್ದೆ.

ಬರೆದದ್ದಕ್ಕೆ ಫಲವೂ ಸಿಕ್ಕಿತು. ಕೆ.ಆರ್. ಪೇಟೆಯ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಫೋನ್ ಮಾಡಿ, ಮೊಮ್ಮಕ್ಕಳನ್ನೆಲ್ಲ ಕೂರಿಸಿಕೊಂಡು ಓದಿ ಹೇಳಿದೆ ಎಂದರು. ನಾಗಮಂಗಲದ ಒಂದು ಮಹಿಳಾ ಸಂಘದವರು ಕರೆಸಿ, ಶಾಲು ಹೊದಿಸಿ, ಒಂದು ಜೋಡಿ ಗಾಜಿನ ಹಂಸ ಕೊಟ್ಟರು. (ಹಂಸಗಳನ್ನು ಮರುದಿನವೇ ಸಾಕಮ್ಮನಿಗೆ ದಾಟಿಸಿದೆ.)

ಈ ವರ್ಷ ಆಯುಧಪೂಜೆ ಕಳೆದ ಮೇಲೆ ಒಂದು ಗುರುವಾರ ಸಾಕಮ್ಮ ಬರಲಿಲ್ಲ. ಶುಕ್ರವಾರವೂ ಇಲ್ಲ, ಶನಿವಾರವೂ ಇಲ್ಲ. ಫೋನ್ ಸ್ವಿಚ್ ಆಫ್. ಹೇಳದೆ ಕೇಳದೆ ತಪ್ಪಿಸುವವಳಲ್ಲ. ಭಾನುವಾರ ಬೆಳಿಗ್ಗೆ, ಹೋಗಿ ನೋಡಿಕೊಂಡಾದರೂ ಬಾರೇ ಎಂದರು ನಮ್ಮೆಜಮಾನರು. ಅವಳ ಬಗ್ಗೆ ನನಗೆ ಕಾಳಜಿ ಇದ್ದದ್ದು ನಿಜ. ನಮ್ಮ ಸಿಂಕಿನ ಬಗ್ಗೆ ಅದಕ್ಕಿಂತ ಒಂದು ಚೂರು ಹೆಚ್ಚೇ ಇತ್ತು.

ಬರಿಗೈಯಲ್ಲಿ ಹೋಗುವುದು ಹೇಗೆ? ಆಯುಧಪೂಜೆಗೆ ಅಟ್ಟ ಗುಡಿಸಿದಾಗ ಒಂದು ಟೇಬಲ್ ಫ್ಯಾನ್ ಸಿಕ್ಕಿತ್ತು. ಒಳ್ಳೆಯ ಫ್ಯಾನು. ಸ್ವಿಚ್ ಹಾಕಿ ರೆಕ್ಕೆಯನ್ನು ಬೆರಳಿನಿಂದ ಒಂದು ಸಲ ತಳ್ಳಿಕೊಟ್ಟರೆ ಸಾಕು, ಆಮೇಲೆ ಅದರ ಪಾಡಿಗೆ ಅದು ತಿರುಗುತ್ತದೆ. ಹಬ್ಬದ ಉಡುಗೊರೆ ಇದೇ ಆಗಲಿ ಎಂದು ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ನಿಲ್ಲಿಸಿಕೊಂಡು ಹೊರಟೆ.

ಸಾಕಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಪಾದದಿಂದ ಮೊಣಕಾಲಿನವರೆಗೆ ಪಟ್ಟಿ. ನನ್ನನ್ನು ಕಂಡು ಏಳಲು ಹೋದಳು. ನಾನು ಬೇಡವೆಂದೆ. ಅವಳ ಗಂಡ ಬೋರಣ್ಣ ಒಳಗಿನಿಂದ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ. ಅದರ ಸೀಳಿದ ಕಾಲಿಗೆ ತಂತಿ ಸುತ್ತಿತ್ತು. ಸುತ್ತಿದ್ದು ನಮ್ಮೆಜಮಾನರು. ನೋಡಿ, ಇನ್ನೂ ಬಳಸುತ್ತಿದ್ದಾರೆ ಎಂದು ನನ್ನ ಮನಸ್ಸು ತುಂಬಿ ಬಂತು.

ಕಾಫಿ ಬಂತು. ಕುಡಿಯುತ್ತ ಅಂಗಳದ ಕಡೆ ನೋಡಿದೆ. ನುಗ್ಗೆ ಮರದ ಕೆಳಗೆ ಕೆಸರಿನಲ್ಲಿ ಒಂದು ಹಸು ಕಟ್ಟಿದ್ದರು. ತುಂಬು ಗಬ್ಬದ ಹಸು. ಬೆನ್ನ ಮೇಲೆ ಗೊಬ್ಬರದ ಚೀಲ ಹೊದಿಸಿದ್ದರು. ಚಿತ್ತೆ ಮಳೆ ದಿನಾ ಸುರಿಯುತ್ತಿರುವ ಕಾಲ. ಮನೆಯ ಪಕ್ಕದಲ್ಲಿ ಹೆಂಚಿನ ಕೊಟ್ಟಿಗೆ ಕಾಣುತ್ತಿತ್ತು.

ನಾನು ಟೀಚರು. ಸುಮ್ಮನಿರಲಾದೀತೆ? ಕೊಟ್ಟಿಗೆ ಇಟ್ಟುಕೊಂಡು ಗಬ್ಬದ ಹಸುವನ್ನು ಮಳೆಯಲ್ಲಿ ಕಟ್ಟುತ್ತಾರೆಯೆ, ಮೂಕಪ್ರಾಣಿ ಅಲ್ಲವೆ, ಅದಕ್ಕೆ ಶೀತವಾಗುವುದಿಲ್ಲವೆ ಎಂದು ಶುರು ಮಾಡಿದೆ. ಬೋರಣ್ಣ ಹೆಂಡತಿಯ ಮುಖ ನೋಡಿದ. ಅವಳು ಬೇಡವೆಂದು ಕಣ್ಣಲ್ಲೇ ಹೇಳಿದಳು. ನಾನು ಪಾಠ ಮುಂದುವರಿಸಿದೆ. ಆತ ಇನ್ನು ತಡೆಯಲಿಲ್ಲ.

“ಕೊಟ್ಗೇಲಿ ಜಾಗ ಇಲ್ಲ ಕಣ್ರವ್ವ,” ಎಂದ. “ನಿಮ್ ಸಾಮಾನ್ ಅವೆ.”

ತಪ್ಪಾಗಿ ಕೇಳಿಸಿತೇನೋ ಎಂದುಕೊಂಡೆ. ಎದ್ದು ಹೋಗಿ ಕೊಟ್ಟಿಗೆಯ ಬಾಗಿಲು ತಳ್ಳಿದೆ.

ಎದುರಿಗೇ ನನ್ನ ಹಳೆಯ ಡಬ್ಬಾ ಟಿ.ವಿ. ಅದರ ತಲೆಯ ಮೇಲೆ ನಾಗಮಂಗಲದ ಹಂಸಗಳು. ಆ ಕಡೆ ಎರಡು ಮಿಕ್ಸಿ, ಜಾರು ಬೇರೆ ಕಡೆ. ಚಕ್ರ ಕಿತ್ತ ಸೂಟ್‌ಕೇಸು, ಚೈನಿಲ್ಲದ ಸೈಕಲ್ಲು, ಇಸ್ತ್ರಿಪೆಟ್ಟಿಗೆ, ಕರಿ ಲೇಪ ಕಿತ್ತುಹೋದ ದೋಸೆ ತವಾ, ಗಂಟುಗಂಟಾದ ಹತ್ತಿಯ ಹಾಸಿಗೆ. ನಮ್ಮ ಗೃಹಪ್ರವೇಶಕ್ಕೆ ಬಂದ ಫೋಟೊ ಫ್ರೇಮುಗಳು, ಪ್ಲಾಸ್ಟಿಕ್ ಹೂವಿನ ಬುಟ್ಟಿಗಳು, ಬಣ್ಣದ ಕಾಗದ ಕೂಡ ಬಿಚ್ಚದ ಎರಡು ಡಬ್ಬ. ನಾನು ಬಿಚ್ಚದೆ ಕೊಟ್ಟದ್ದು, ಅವಳೂ ಬಿಚ್ಚಿರಲಿಲ್ಲ. ಮೂಲೆಯಲ್ಲಿ ಹಸು ಕಟ್ಟುವ ಗೊಂತು, ಖಾಲಿ. ಅಲ್ಲಿಗೆ ಹೋಗಲು ಹಸುವಿಗಿರಲಿ, ಬೆಕ್ಕಿಗೂ ದಾರಿ ಇರಲಿಲ್ಲ.

ಅವಳ ಹೆಸರೇ ಸಾಕಮ್ಮ. ಹದಿನಾಲ್ಕು ವರ್ಷ ದಿನಕ್ಕೆ ಹತ್ತು ಸಲ ಆ ಹೆಸರು ಕೂಗಿದ್ದೇನೆ. ಒಂದು ಸಲವಾದರೂ ಅದರ ಅರ್ಥ ಹೊಳೆಯಬಾರದಿತ್ತೆ?

ಕಾಲಿಗೆ ಏನಾಯಿತೆಂದು ಆಗ ಕೇಳಿದೆ. (ಬಂದು ಅರ್ಧ ಗಂಟೆಯಾಗಿತ್ತು.) ಬುಧವಾರ ಸಂಜೆ ಮಳೆ ಜೋರಾಗಿತ್ತಂತೆ. ಹಸು ಕೊಟ್ಟಿಗೆಯ ಕಡೆಗೇ ಹಗ್ಗ ಜಗ್ಗುತ್ತಿತ್ತಂತೆ. ಸೂರಿನ ಕೆಳಗಾದರೂ ಕಟ್ಟೋಣವೆಂದು ಸಾಕಮ್ಮ ಓಡಿಹೋಗಿ ಗೂಟದಿಂದ ಬಿಚ್ಚಿದಳು. ಹಸು ಎಳೆಯಿತು, ಕೆಸರಿನಲ್ಲಿ ಕಾಲು ಜಾರಿತು, ಉಳುಕಿತು. ಅಂದರೆ ಅವಳ ಕಾಲು ಉಳುಕಿಸಿದ್ದು ಹಸುವೂ ಅಲ್ಲ, ಮಳೆಯೂ ಅಲ್ಲ. ನನ್ನ ಟಿ.ವಿ.

ಇಷ್ಟನ್ನೆಲ್ಲ ಯಾಕೆ ತಂದೆ, ಬೇಡ ಅನ್ನಬಹುದಿತ್ತಲ್ಲ ಎಂದೆ. ಅವಳು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

“ಬ್ಯಾಡ ಅಂದ್ರೆ ನಿಮ್ ಮೊಕ ಸಣ್ಣಕಾಯ್ತದೆ ಕಣ್ರವ್ವ. ಕೊಡುವಾಗ ಅಷ್ಟು ಕುಸಿಯಾಗಿ ಕೊಡ್ತೀರಿ. ಎಂಗೆ ಅನ್ನಾದು?”

ನಾನು ಅವಳಿಗೆ ಸಹಾಯ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಹದಿನಾಲ್ಕು ವರ್ಷ ಅವಳು ನನಗೆ ಸಹಾಯ ಮಾಡಿದ್ದಳು.

ಎಸೆಯಲೂ ಇಲ್ಲ. ಸೈಕಲ್ಲಿನಲ್ಲಿ ಬರುವ ಗುಜರಿಯವನು ಕಬ್ಬಿಣವಾದರೆ ಒಯ್ಯುತ್ತಾನಂತೆ, ಆದರೆ ನಾನು ಕೊಟ್ಟದ್ದನ್ನು ಮಾರುವುದು ಇವಳಿಗೆ ಸರಿಬರಲಿಲ್ಲವಂತೆ. ಟಿ.ವಿ., ಗಾಜು ಅವನು ಮುಟ್ಟುವುದೇ ಇಲ್ಲವಂತೆ. ಊರಲ್ಲಿ ಬೇರೆಯವರು ಇಂಥದ್ದನ್ನು ನಾಲೆ ಏರಿಯ ಪಕ್ಕ ಸುರಿದು ಬರುತ್ತಾರಂತೆ. ಇವಳಿಗೆ ಮನಸ್ಸಾಗಲಿಲ್ಲ. ದನ ಮೇಯುವ ಜಾಗ, ಗೊರಸಿಗೆ ಗಾಜು ಚುಚ್ಚಿದರೆ? ಜೊತೆಗೆ ನಾನು ತೊಣ್ಣೂರು ಕೆರೆಗೆ ವಾಕಿಂಗ್ ಹೋಗುವುದು ಅದೇ ದಾರಿಯಲ್ಲಿ. ಕಂಡುಬಿಟ್ಟರೆ? ಕಸದ ಬಗ್ಗೆ ಅಂಕಣ ಬರೆದವಳು ನಾನು. ಕಸವನ್ನು ನಾಲೆಗೆ ಹೋಗದಂತೆ ತಡೆದು, ತನ್ನ ಹಸುವನ್ನು ಹೊರಗೆ ಕಟ್ಟಿದವಳು ಅವಳು.

ಆ ಅಂಕಣವನ್ನು ಅವಳು ಮೊಮ್ಮಗಳ ಕೈಯಲ್ಲಿ ಓದಿಸಿ ಕೇಳಿದ್ದಳಂತೆ. ಬೋರಣ್ಣನೇ ಹೇಳಿದ. ನಮ್ಮ ಮನೆಯಿಂದ ಕಸ ಹೊರಗೆ ಹೋಗುವುದೇ ಇಲ್ಲ ಎಂಬ ಸಾಲು ಬಂದಾಗ ನಕ್ಕು ನಕ್ಕು ಆತನಿಗೆ ಕೆಮ್ಮು ಹತ್ತಿತ್ತಂತೆ. ಕೆ.ಆರ್. ಪೇಟೆಯ ಹೆಡ್‌ಮಾಸ್ಟರಿಗಿಂತ ಈತನೇ ನನ್ನನ್ನು ಸರಿಯಾಗಿ ಓದಿದ ಓದುಗ.

ಹೊರಡಲು ಎದ್ದಾಗ ಬೋರಣ್ಣನ ಕಣ್ಣು ನನ್ನ ಸ್ಕೂಟರಿನ ಮೇಲೆ ಬಿತ್ತು. ಅಲ್ಲಿ ಫ್ಯಾನು ನಿಂತಿತ್ತು. ಅದೂ ನಮಗೇನಾ ಎಂದು ಮೆಲ್ಲಗೆ ಕೇಳಿದ. ಇಲ್ಲ ಇಲ್ಲ, ಶ್ರೀರಂಗಪಟ್ಟಣಕ್ಕೆ ರಿಪೇರಿಗೆ ಒಯ್ಯುತ್ತಿದ್ದೇನೆ ಎಂದೆ. ಬಾಯಿಗೆ ಬಂದ ಸುಳ್ಳು. ಆದರೆ ಹೇಳಿದ ಮೇಲೆ ಅದನ್ನು ನಿಜ ಮಾಡದೆ ದಾರಿ ಇರಲಿಲ್ಲ.

ಮಧ್ಯಾಹ್ನವೇ ಲಗೇಜ್ ಆಟೋ ಮಾಡಿಕೊಂಡು ಬಂದು ಎಲ್ಲವನ್ನೂ ತುಂಬಿಸಿದೆ. ಎರಡು ಟ್ರಿಪ್ ಆಯಿತು. ಆಟೋ ನಮ್ಮ ಬೀದಿಗೆ ಬಂದಾಗ ಎದುರುಮನೆಯವರು ಬಾಡಿಗೆಗೆ ಯಾರು ಬರುತ್ತಿದ್ದಾರೆ ಎಂದು ವಿಚಾರಿಸಿದರು. ನಮ್ಮೆಜಮಾನರು ಬಾಗಿಲಲ್ಲಿ ನಿಂತು ಒಂದೊಂದನ್ನೂ ಗುರುತು ಹಿಡಿದರು. ತವಾ ಕಂಡು, ಅಯ್ಯೋ ಇದಿನ್ನೂ ಇದೆಯಾ ಎಂದರು, ಹಳೆಯ ಸ್ನೇಹಿತ ಸಿಕ್ಕಿದ ಹಾಗೆ.

ಸಂಜೆ ಬೋರಣ್ಣನ ಫೋನ್ ಬಂತು. ಹಸು ಕೊಟ್ಟಿಗೆ ಸೇರಿತಂತೆ. ಒಳಗೆ ಹೋದದ್ದೇ ಮಲಗಿತಂತೆ.

ನಮಗೆ ಮಾತ್ರ ಮಲಗಲು ಜಾಗವಿಲ್ಲ. ಹಾಲಿನಲ್ಲಿ ಹಾಸಿಗೆ, ವರಾಂಡದಲ್ಲಿ ಸೈಕಲ್ಲು, ಸೋಫಾದ ಮೇಲೆ ಹಂಸ. ಆಗ ತಿಳಿಯಿತು, ಒಂದು ವಸ್ತುವನ್ನು ಮನೆಗೆ ತರುವುದು ಎಷ್ಟು ಸುಲಭ, ಮರ್ಯಾದೆಯಾಗಿ ಕಳುಹಿಸುವುದು ಎಷ್ಟು ಕಷ್ಟ ಎಂದು. ಸೈಕಲ್ಲು, ಸೂಟ್‌ಕೇಸು, ತವಾ ಗುಜರಿಗೆ ಹೋದವು. ಹಾಸಿಗೆಯ ಹತ್ತಿಯನ್ನು ಹಿಂಜಿಸಿ ನಾಲ್ಕು ದಿಂಬು ಮಾಡಿಸಿದೆ. ಕಸದ ಗಾಡಿಯವರು ಒಣ ಕಸ ಬೇರೆ ಕೊಡಿ, ಟಿ.ವಿ. ಮಾತ್ರ ನಮ್ಮ ಕೈಲಾಗದು ಎಂದರು. ಅಂಥದ್ದನ್ನು ಬಿಚ್ಚಿ ವಿಲೇವಾರಿ ಮಾಡುವವರು ಮೈಸೂರಿನಲ್ಲಿದ್ದಾರೆ ಎಂದು ಯಾರೋ ಹೇಳಿದರು. ಸರಿ, ಬಸ್ಸಿನಲ್ಲಿ ಒಯ್ದೆವು. ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದ. ಟಿಕೆಟ್ ತೆಗೆದುಕೊಂಡ ಮೇಲೆ ಅದನ್ನು ಸೀಟಿನಿಂದ ಏಳಿಸುವುದು ಹೇಗೆ? ಶ್ರೀರಂಗಪಟ್ಟಣದಲ್ಲಿ ಜನ ಹತ್ತಿದಾಗ ಒಬ್ಬ ಅಜ್ಜಿಗೆ ಸೀಟು ಬಿಟ್ಟು ನಿಂತದ್ದು ನಮ್ಮೆಜಮಾನರು. ಟಿ.ವಿ. ಕಿಟಕಿಯ ಪಕ್ಕ ಕೂತು ಮೈಸೂರು ನೋಡಿತು.

ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ಯಾನು ಶ್ರೀರಂಗಪಟ್ಟಣದ ನಜೀರ್ ಭಾಯಿಯ ಅಂಗಡಿಗೆ ಹೋದವು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಸಣ್ಣ ರಿಪೇರಿ ಅಂಗಡಿ. ಫ್ಯಾನಿಗೆ ಕಂಡೆನ್ಸರ್ ಹೋಗಿದೆ ಅಷ್ಟೆ ಎಂದರು. ಹಾಕಿದರು, ಬೆರಳು ಮುಟ್ಟಿಸದೆ ತಿರುಗಿತು. ಒಂದು ಮಿಕ್ಸಿಗೆ ಹೊಸ ಕಾರ್ಬನ್ ಬ್ರಷ್ ಸಾಕಾಯಿತು. ಅದನ್ನು ಕೆಟ್ಟಿತೆಂದು ಕೊಟ್ಟು ನಾನು ಹೊಸದು ಕೊಂಡು ಎಷ್ಟೋ ವರ್ಷವಾಗಿತ್ತು. ಇನ್ನೊಂದು ಮಿಕ್ಸಿ ಮತ್ತು ಇಸ್ತ್ರಿಪೆಟ್ಟಿಗೆಯನ್ನು ಬಿಡಿಭಾಗಕ್ಕೆ ಇಟ್ಟುಕೊಂಡರು. ನಾನು ನಡೆದದ್ದೆಲ್ಲ ಹೇಳಿಕೊಂಡೆ. ಅವರು ಸ್ಕ್ರೂ ಬಿಗಿ ಮಾಡುತ್ತಲೇ ಕೇಳಿಸಿಕೊಂಡರು.

“ಖರಾಬ್ ಆಗಿರೋದ್ನ ಕೊಟ್ರೆ ಅದು ಕೊಟ್ಟಂಗಲ್ಲಮ್ಮಾ,” ಎಂದರು. “ನಿಮ್ ತಲೆನೋವು ತಗೊಂಡು ಅವ್ರ ತಲೆ ಮೇಲೆ ಇಟ್ಟಂಗೆ.”

ಇಷ್ಟು ಹೇಳಲು ನನಗೆ ಹೋದ ವರ್ಷ ಸಾವಿರ ಪದ ಬೇಕಾಗಿತ್ತು. ಅದೂ ತಪ್ಪು ಹೇಳಿದ್ದೆ.

ಹಬ್ಬಕ್ಕೆ ನಾಲ್ಕು ದಿನ ಇದ್ದಾಗ ಸಾಕಮ್ಮ ಕೆಲಸಕ್ಕೆ ಬಂದಳು. ಸ್ವಲ್ಪ ಕುಂಟುತ್ತಿದ್ದಳು. ಪಾತ್ರೆ ನಾನೇ ತೊಳೆದಿಟ್ಟಿದ್ದೆ. ಅವಳು ಎರಡನ್ನು ಎತ್ತಿ ನೋಡಿ, ಮತ್ತೆ ತೊಳೆಯಲು ಹಾಕಿಕೊಂಡಳು.

ಪಕ್ಕದಲ್ಲಿ ನಿಂತು, ಈ ಸಲ ಹಬ್ಬಕ್ಕೆ ನಿನಗೇನು ಬೇಕು ಎಂದು ಕೇಳಿದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಏನೂ ಬೇಡವೆಂದಳು. ಮೊಕ ಸಣ್ಣಕಾಗದು, ಹೇಳು ಎಂದೆ. ನಲ್ಲಿ ನಿಲ್ಲಿಸಿದಳು.

“ಒಂದ್ ಬಿಂದ್ಗೆ ಕೊಡ್ಸಿ. ಸ್ಟೀಲಿಂದು. ಒಸಾದು.” ಕೈ ಒರೆಸಿಕೊಂಡು ಹೇಳಿದಳು: “ನನ್ನೆಸ್ರು ಬರ್ಸಿ.”

ಅವಳ ಮನೆಯಲ್ಲಿ ಪಾತ್ರೆಗೆ ಕೊರತೆ ಇಲ್ಲ. ಬೋಗುಣಿಯ ಮೇಲೆ ನನ್ನ ಹೆಸರು, ತಟ್ಟೆಯ ಮೇಲೆ ನನ್ನ ನಾದಿನಿಯ ಹೆಸರು, ಲೋಟದ ಮೇಲೆ ಯಾರದೋ ಮದುವೆಯ ನೆನಪು. ಹಬ್ಬಕ್ಕೆ ಸೀರೆ ಕೊಡುತ್ತಿದ್ದೆ, ನಿಜ. ಯಾರೋ ನನಗೆ ಕೊಟ್ಟು, ನಾನು ಉಡದೆ ಬೀರುವಿನಲ್ಲಿಟ್ಟ ಸೀರೆ. ಅವಳಿಗೆಂದೇ ಅಂಗಡಿಯಿಂದ ಬಂದ ಒಂದು ಚಮಚವೂ ಇರಲಿಲ್ಲ. ಹೊಸ ಮಿಕ್ಸಿ ಬಂದಾಗಲೆಲ್ಲ ಅದು ನನಗೆ. ಮರುಬಳಕೆ ಮಾತ್ರ ಅವಳಿಗೆ. ಭೂಮಿ ಉಳಿಸುವ ಕೆಲಸವನ್ನು ನಾವು ಎಷ್ಟು ಚೆನ್ನಾಗಿ ಹಂಚಿಕೊಂಡಿದ್ದೆವು!

ಸಂಜೆ ಪಾತ್ರೆ ಅಂಗಡಿಗೆ ಹೋದೆ. ಗಟ್ಟಿ ತಗಡಿನ ಬಿಂದಿಗೆ, ಮೊಮ್ಮಗಳ ಕಾಲಕ್ಕೂ ಬರುವಂಥದು. ಹೆಸರು ಬರೆಯುವವರು ಮೆಷಿನ್ ಹಿಡಿದು ‘ಸಾಕಮ್ಮ’ ಎಂದು ಕೊರೆದರು. ಕೆಳಗೆ ಕೊಟ್ಟವರ ಹೆಸರು ಏನು ಬರೆಯಲಿ ಎಂದರು. ನಾಲಿಗೆಯ ತುದಿಗೆ ಬಂದಿತ್ತು. ಬೇಡ ಎಂದೆ. ಆ ಒಂದು ಮಾತು ಹೇಳಲು ಎಷ್ಟು ಹೊತ್ತು ತೆಗೆದುಕೊಂಡೆನೆಂದರೆ, ಅವರು ಮೆಷಿನ್ ಆಫ್ ಮಾಡಿ ಕಾದರು.

ಹಬ್ಬದ ಹಿಂದಿನ ದಿನ ಬಿಂದಿಗೆ ಕೊಟ್ಟೆ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಓದಲು ಬಾರದವಳು. ಎಲ್ಲಿದೆ ಹೆಸರು ಎಂದು ಕೇಳಿದಳು, ತೋರಿಸಿದೆ. ಬೆರಳಿನಿಂದ ಒಂದೊಂದೇ ಅಕ್ಷರ ಸವರಿದಳು.

“ಮೂರೇ ಅಕ್ಸರನಾ?” ಎಂದಳು. ನಗುತ್ತಿದ್ದಳು. ಆಮೇಲೆ ಬಿಂದಿಗೆಯನ್ನು ಸೊಂಟಕ್ಕೆ ಏರಿಸಿಕೊಂಡು, ಬಸ್ಸಿಗೆ ಕಾಯದೆ, ಬೀದಿಯ ನಡುವೆಯೇ ನಡೆದು ಹೋದಳು. ಕುಂಟು ಅಷ್ಟಾಗಿ ಕಾಣಲಿಲ್ಲ.

ಬಾಗಿಲಲ್ಲಿ ನಿಂತು ನನ್ನನ್ನು ನಾನೇ ಮೆಚ್ಚಿಕೊಂಡೆ. ಕೊಟ್ಟವರ ಹೆಸರಿಲ್ಲದ ಉಡುಗೊರೆ! ಎಷ್ಟು ಜನರಿಂದ ಆದೀತು? ಆಮೇಲೆ ಒಳಗೆ ಬಂದು, ಇದನ್ನೆಲ್ಲ ಪತ್ರಿಕೆಯ ಸಾವಿರಾರು ಪ್ರತಿಗಳಲ್ಲಿ ಅಚ್ಚಾಗಲೆಂದು ಬರೆದು ಕಳಿಸಿದ್ದೇನೆ, ಮೇಲೆ ನನ್ನ ಹೆಸರು, ಫೋಟೊ ಸಮೇತ.