ಬೇಲಿಯಾಚೆಯ ಅಕ್ಕನ ಬಿಳಿ ಬೂಷ್ಟು

ಬಲಗೈ ಹೆಬ್ಬೆರಳಿನ ಉಗುರನ್ನು ಅಕ್ಕ ಕತ್ತರಿಸುತ್ತಿರಲಿಲ್ಲ. ಕಾಫಿಹಣ್ಣಿನ ಕಲೆ ಕೂತು ಅದು ಕಪ್ಪಾಗಿ, ತುದಿಯಲ್ಲಿ ಸಣ್ಣ ಉಳಿಯಂತಾಗಿತ್ತು. ಗಿಡದಿಂದ ಒಂದು ಕಾಯಿ ಕಿತ್ತು, ಮೂಗಿನ ಹತ್ತಿರ ಹಿಡಿದು ಆ ಉಗುರನ್ನು ಒತ್ತಿದರೆ ಕಾಯಿ ಎರಡು ಹೋಳು. ಒಳಗೆ ಎಳ್ಳಿಗಿಂತ ಚಿಕ್ಕ ಕರಿ ಹುಳು ಕಂಡರೆ ಅದನ್ನೇ ಮಾತಾಡಿಸುವರು: "ಇಲ್ಲಿದ್ದೀಯಾ?"

ಗೂಡಲೂರಿನ ಹತ್ತಿರ ನಮ್ಮಿಬ್ಬರ ತೋಟಗಳ ನಡುವೆ ಇದ್ದದ್ದು ಒಂದು ಮುಳ್ಳುಬೇಲಿ. ಇಬ್ಬರ ಹಿರಿಯರೂ ಗುಂಡ್ಲುಪೇಟೆ ಕಡೆಯಿಂದ ಬಂದವರು. ನನಗಿಂತ ನಾಲ್ಕು ವರ್ಷ ದೊಡ್ಡವರಾದ್ದರಿಂದ ನಾನು ಅಕ್ಕ ಅನ್ನುತ್ತಿದ್ದೆ, ಅವರು ತಮ್ಮ ಅನ್ನುತ್ತಿದ್ದರು. ಅವರ ಬಾಯಲ್ಲಿ ಅದು ನಿಜವಾಗಿತ್ತು, ನನ್ನ ಬಾಯಲ್ಲಿ ಬರೀ ರೂಢಿ. ನಾನು ಹತ್ತನೇ ತರಗತಿ ಪಾಸಾದವನು, ಔಷಧಿ ಡಬ್ಬಿಯ ಮೇಲಿನ ಬರಹ ಓದಬಲ್ಲವನು. ಓದು ಬಾರದ ಹೆಂಗಸು ತೋಟ ಮಾಡುವ ರೀತಿ ನೋಡಿದಾಗಲೆಲ್ಲ ನನಗೆ ಅನುಮಾನ.

ಎಲ್ಲರೂ ಬಿಸಿಲು ನೋಡಿ ಔಷಧಿ ಹೊಡೆದರೆ ಅವರು ಮಂಜು ಇಳಿಯುವ ಸಂಜೆ ಪಂಪನ್ನು ಹೆಗಲಿಗೇರಿಸುವರು. ಹೊಡೆದದ್ದಕ್ಕೆ ವಾಸನೆಯೇ ಇರುತ್ತಿರಲಿಲ್ಲ. ಮನೆಯ ಒಂದು ಕೋಣೆಯ ಕಿಟಕಿಗೆ ಗೋಣಿ ಹೊಡೆದು, ಒಳಗೆ ಪ್ಲಾಸ್ಟಿಕ್ ಕವರುಗಳಲ್ಲಿ ಬೆಂದ ಅಕ್ಕಿ ತುಂಬಿಟ್ಟಿದ್ದರು. ಅದರ ಮೇಲೆ ಹತ್ತಿಯಂಥ ಬಿಳಿ ಬೂಷ್ಟು. ಕೃಷಿ ಆಫೀಸಿನಿಂದ ತಂದು ಬೆಳೆಸಿದ್ದಂತೆ. ನೀರಲ್ಲಿ ಕಲಸಿ ಹೊಡೆದರೆ ಕಾಯಿಕೊರಕ ಹುಳುವಿನ ಮೈಮೇಲೆ ಹಬ್ಬಿ ಅದನ್ನು ಕೊಲ್ಲುತ್ತದಂತೆ. ಬೂಷ್ಟು ಬಂದ ಅನ್ನವನ್ನು ನಾವು ನಾಯಿಗೂ ಹಾಕುವವರಲ್ಲ. ಟೀ ಅಂಗಡಿಯ ಮಲಯಾಳಿ, "ಆ ಅಮ್ಮ ಹುಳಕ್ಕೆ ಅನ್ನ ಹಾಕ್ತದೆ, ನೀವು ಸಾಂಬಾರು ಕೊಡಿ" ಎಂದು ನನ್ನನ್ನು ಕೆಣಕುತ್ತಿದ್ದ.

ಒಂದು ಮಳೆಗಾಲ, ಬೇಲಿ ಪಕ್ಕದ ನನ್ನ ಸಾಲಿನಲ್ಲೇ ಕಾಯಿಗಳ ತುದಿಯ ತೂತಿನಿಂದ ಬಿಳಿ ಪುಡಿ ಹೊರಬಂದಿತ್ತು. ಅವರ ರೋಗ ನನ್ನ ತೋಟಕ್ಕೆ ದಾಟಿತು ಎಂದುಕೊಂಡೆ. ಬಿಳಿ ಕಂಡ ಕಾಯನ್ನೆಲ್ಲ ಒಂದೊಂದಾಗಿ ಕಿತ್ತು ಸುಟ್ಟೆ. ಬೇಲಿಯ ಬಳಿ ನಿಂತು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ.

ಅದೇ ವಾರ ಅವರು ತೊರಪಳ್ಳಿಯ ಮಗಳ ಮನೆಗೆ, ಮೊಮ್ಮಗುವಿನ ನಾಮಕರಣಕ್ಕೆ ಹೊರಟರು. ಮನೆಯ ಕೀಲಿ ನನಗೆ ಕೊಟ್ಟರು. ಕೋಳಿಗಳಿಗೆ ಕಾಳು ಹಾಕಬೇಕು, ಆ ಕೋಣೆಯ ಬಾಗಿಲು ಮಾತ್ರ ತೆಗೆಯಬಾರದು.

"ಬಿಸ್ಲು ತಾಕುದ್ರೆ ಸತ್ತೋಯ್ತದೆ ಕನ ತಮ್ಮ. ಎಳೇ ಕೂಸಿದ್ದಂಗೆ ಅದು."

ಅವರು ಕಾಪಾಡಲೆಂದು ಹೇಳಿದ ಮಾತನ್ನೇ ನಾನು ಕೊಲ್ಲಲು ಬಳಸಿದೆ. ಮಳೆ ಬಿಟ್ಟ ಎರಡು ಮಧ್ಯಾಹ್ನ ಅಷ್ಟೂ ಕವರುಗಳನ್ನು ಕಾಫಿ ಒಣಗಿಸುವ ಕಣದಲ್ಲಿ ಹರಡಿ, ಒಳಗೆ ಬೆವರಿನ ಹನಿ ಕೂರುವುದನ್ನು ನೋಡುತ್ತ ಕುಳಿತೆ. ಆಮೇಲೆ ಮೊದಲಿದ್ದಂತೆಯೇ ಜೋಡಿಸಿಟ್ಟೆ. ಊರಿಗೆ ಉಪಕಾರ ಮಾಡಿದೆನೆಂದೇ ಆಗ ನನ್ನ ಎಣಿಕೆ.

ಹಿಂತಿರುಗಿದವರು ಒಂದು ಕವರನ್ನು ಮಗುಚಿ ನೋಡಿದರು. ತಳಕ್ಕೆ ಕಣದ ಕಾಫಿ ಹೊಟ್ಟು ಅಂಟಿತ್ತು. ಉಗುರಿನಿಂದ ಕೆರೆದು, "ಕೋಳಿ ಏನಾರ ಒಳೀಕ್ ಬಂದಿದ್ವಾ?" ಎಂದರು. ಬಂದಿರಬೇಕು ಅಂದೆ. ನನ್ನ ಮುಖವನ್ನು ತುಸು ಹೊತ್ತು ನೋಡಿ, ಕವರನ್ನು ಮತ್ತೆ ಅದರ ಜಾಗದಲ್ಲಿಟ್ಟರು.

ಬೇರೆ ಇಲ್ಲದ್ದರಿಂದ ಬಿಸಿಲು ತಾಕಿದ ಆ ಬೂಷ್ಟನ್ನೇ ಹೊಡೆದರು. ಹುಳು ಸಾಯಲಿಲ್ಲ. ಕೊಯ್ಲಿನಲ್ಲಿ ಅವರ ಕಾಫಿಯನ್ನು ಮೊರದಲ್ಲಿ ಕೇರಿದರೆ ಅರ್ಧಕ್ಕರ್ಧ ಜೊಳ್ಳು ಹಾರುತ್ತಿತ್ತು. ನನ್ನದು ಅದಕ್ಕಿಂತ ಕಡೆ. ಮರುವರ್ಷದ ಮಳೆಯಲ್ಲಿ ನಾನು ಮತ್ತೆ ತೂತು ಬಿದ್ದ ಕಾಯಿಗಳ ಮುಂದೆ ತಲೆ ಮೇಲೆ ಕೈ ಹೊತ್ತು ನಿಂತಿದ್ದಾಗ ಅವರು ಬೇಲಿ ದಾಟಿ ಬಂದರು. ತಮ್ಮ ತೋಟದ ಬಿಳಿ ಮೂತಿಯ ಕಾಯೊಂದನ್ನು ನನ್ನ ಕಣ್ಣೆದುರು ಸೀಳಿದರು. ಬೀಜ ಗಟ್ಟಿಯಾಗಿತ್ತು. ತೂತಿನ ಬಾಯಲ್ಲೇ ಹುಳು ಕಂಬಳಿ ಹೊದ್ದಂತೆ ಬೂಷ್ಟು ಹೊದ್ದು ಸತ್ತಿತ್ತು.

"ಸತ್ತಿರದು ಹುಳ ಕನಪ್ಪ, ಕಾಯಲ್ಲ. ಹೋದ್ವರ್ಸ ನೀನ್ ಸುಟ್ಟಿದ್ದೂ ಇದ್ನೇಯ."

ಆ ಹೊಗೆಯನ್ನು ಅವರು ನೋಡಿದ್ದರು. ಕೋಣೆಯ ಮಾತು ಮಾತ್ರ ತೆಗೆಯಲಿಲ್ಲ. ಹೊಸದಾಗಿ ಬೆಳೆಸಿದ ಕವರುಗಳಲ್ಲಿ ಅರ್ಧ ನನಗೆ ಕೊಟ್ಟು, ಸಂಜೆಯ ತಂಪಿನಲ್ಲಿ ಹೊಡೆಯುವುದನ್ನು ಕಲಿಸಿದರು. ನನ್ನ ತೋಟ ಉಳಿಯಿತು. ಅನುಮಾನವೂ ಉಳಿಯಿತು, ದಿಕ್ಕು ಮಾತ್ರ ಬದಲಾಗಿ. ನಾನು ಮಾಡಿದ್ದು ಗೊತ್ತಿದ್ದರೆ ಕೊಡುತ್ತಿದ್ದರೇ? ಗೊತ್ತಿಲ್ಲದಿದ್ದರೆ ಆ ದಿನ ನನ್ನ ಮುಖವನ್ನು ಹಾಗೆ ನೋಡಿದ್ದೇಕೆ? ಅವರು ಕೊಟ್ಟ ಕಾಫಿ ಕುಡಿಯುವಾಗಲೂ ಅದನ್ನೇ ಹುಡುಕುತ್ತಿದ್ದೆ. ಹೇಳಿಬಿಡೋಣವೆಂದು ಎಷ್ಟೋ ಸಲ ಬೇಲಿಯವರೆಗೆ ಹೋಗಿ, ಮಳೆಯ ವಿಷಯ ಮಾತಾಡಿ ಬಂದೆ.

ಕಳೆದ ಆಷಾಢದಲ್ಲಿ ಎದೆನೋವೆಂದು ಅವರನ್ನು ಊಟಿಯ ಆಸ್ಪತ್ರೆಗೆ ಒಯ್ಯಲು ಜೀಪು ಬಂತು. ಮಗಳು ಕೀಲಿಗೆ ಕೈ ಚಾಚಿದಳು. ಅಕ್ಕ ಕೊಡಲಿಲ್ಲ. ನನ್ನನ್ನು ಹತ್ತಿರ ಕರೆದು, ಅಂಗೈಯಲ್ಲಿ ಅದನ್ನಿಟ್ಟು ಬೆರಳು ಮಡಿಸಿದರು.

"ಈ ಸಲ ಕೋಳಿ ಒಳೀಕ್ ಬುಡ್ಬ್ಯಾಡ ತಮ್ಮ."

ಅವರು ಕೋಳಿ ಸಾಕುವುದನ್ನು ಬಿಟ್ಟು ಆಗಲೇ ಎರಡು ವರ್ಷವಾಗಿತ್ತು.

ತಪ್ಪಾಯಿತು ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಜೀಪು ಹೊರಟಿತು. ಮೂರನೆಯ ದಿನ ಅವರನ್ನು ಮಲಗಿಸಿಕೊಂಡು ಅದೇ ಜೀಪು ಬಂತು. ಮಣ್ಣು ಮಾಡಿ ಬಂದ ಮೇಲೆ ಮಗಳಿಗೆ ಎಲ್ಲವನ್ನೂ ಹೇಳಿ ಕೀಲಿ ಚಾಚಿದೆ. ಅವಳು ಬಹಳ ಹೊತ್ತು ಅತ್ತು, ಅಮ್ಮ ಯಾರಿಗೆ ಕೊಟ್ಟಳೋ ಅವರ ಬಳಿಯೇ ಇರಲಿ ಎಂದಳು.

ಈಗ ಆ ಕೋಣೆಯಲ್ಲಿ ಅಕ್ಕಿ ಬೇಯಿಸಿ ಕವರಿಗೆ ತುಂಬುವವನು ನಾನು. ಎರಡು ತೋಟಕ್ಕೂ ಹೊಡೆಯುತ್ತೇನೆ, ಮೊದಲು ಅವರದಕ್ಕೆ. ಹೆಬ್ಬೆರಳಿನ ಉಗುರನ್ನೂ ಬಿಟ್ಟಿದ್ದೇನೆ. ಅವರು ಒಂದೇ ಸಲಕ್ಕೆ ಸೀಳುತ್ತಿದ್ದ ಕಾಯನ್ನು ನಾನು ಮೂರು ಸಲ ಒತ್ತಬೇಕು.